ಮಂದೆಯ ಕಾವಲುಗಾರ

ಹಿಮಾಚಲ ಪ್ರದೇಶದ ಧೌಲಾಧಾರ ಪರ್ವತಶ್ರೇಣಿಯ ತಪ್ಪಲಿಗೆ ಬೇಸಗೆ ಕಾಲಿಟ್ಟಿತೆಂದರೆ ಗದ್ದಿ ಜನರು ತಮ್ಮ ಕುರಿ ಮೇಕೆಗಳ ಮಂದೆಗಳನ್ನು ಹೊಡೆದುಕೊಂಡು ಮೇಲಣ ಹುಲ್ಲುಗಾವಲುಗಳತ್ತ ಹೊರಡುತ್ತಾರೆ. ಚಂಬಾ ಮತ್ತು ಕಾಂಗಡಾ ಜಿಲ್ಲೆಗಳ ಹಳ್ಳಿಗಳಿಂದ ಹೊರಟ ಈ ಮಂದೆಗಳು ಹಿಮ ಕರಗಿದ ಕಣಿವೆದಾರಿಗಳನ್ನು ದಾಟಿ ಲಾಹೌಲದ ವರೆಗೂ ಹೋಗುವುದುಂಟು. ಹಗಲೆಲ್ಲ ನಡೆದು ದಣಿದ ಕುರಿಗಳು ಇರುಳಿನಲ್ಲಿ ಬಯಲಿನಲ್ಲಿಯೇ ಒತ್ತೊತ್ತಾಗಿ ಮಲಗುತ್ತವೆ. ಅಲ್ಲಿ ಬೇಲಿಯಿಲ್ಲ, ಗೋಡೆಯಿಲ್ಲ, ದೀಪವೂ ಇಲ್ಲ. ಸುತ್ತಣ ಬಂಡೆಗಳ ಮರೆಯಲ್ಲಿ ಚಿರತೆ ಇರಬಹುದು, ಕರಡಿ ಇರಬಹುದು. ಆ ಮೃಗಗಳಿಗೂ ಮಂದೆಗೂ ನಡುವೆ ಇರುವುದು ಎರಡು ಮೂರು ನಾಯಿಗಳು ಮಾತ್ರ. ಜೂಲು ಜೂಲಾದ ಕೂದಲು, ಸಿಂಹದ ಕೇಸರವನ್ನು ನೆನಪಿಗೆ ತರುವ ಕುತ್ತಿಗೆ, ಆ ಕುತ್ತಿಗೆಗೆ ತೊಡಿಸಿದ ಕಬ್ಬಿಣದ ಪಟ್ಟಿ. ಚಿರತೆಯು ನಾಯಿಯ ಕೊರಳಿಗೇ ಬಾಯಿ ಹಾಕುವುದರಿಂದ ಈ ಪಟ್ಟಿಯನ್ನು ತೊಡಿಸುತ್ತಾರೆ. ಇದೇ ಗದ್ದಿ ನಾಯಿ.

ಇಂಥ ನಾಯಿಗಳು ಹಿಮಾಲಯದಲ್ಲಿ ಮಾತ್ರವೇ ಇಲ್ಲ. ತೋಳಗಳ ಕಾಟವಿದ್ದು ಕುರಿ ಸಾಕಣೆಯೇ ಬಾಳಿನ ಆಧಾರವಾಗಿರುವ ಅನೇಕ ಬೆಟ್ಟಸೀಮೆಗಳಲ್ಲಿ ಇವುಗಳ ನೆಂಟರನ್ನು ಕಾಣಬಹುದು. ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ನಡುವಣ ಪಿರೆನೀಸ್ ಪರ್ವತಗಳಲ್ಲಿ ಬಿಳಿಯ ಬಣ್ಣದ ಗ್ರೇಟ್ ಪಿರೆನೀಸ್ ನಾಯಿಯಿದೆ. ತುರ್ಕಿ ದೇಶದ ಸಿವಾಸ್ ಪ್ರಾಂತದಲ್ಲಿ ಕರಿಯ ಮೋರೆಯ ಕಂಗಾಲ್ ನಾಯಿಯಿದೆ. ಕಾಕಸಸ್ ಪ್ರದೇಶದಲ್ಲಿ ಒಂದು ತಳಿ, ಇಟಲಿಯಲ್ಲಿ ಒಂದು, ಹಂಗೆರಿಯಲ್ಲಿ ಮತ್ತೊಂದು, ಟಿಬೆಟಿನಲ್ಲಿ ಮ್ಯಾಸ್ಟಿಫ್ ಎಂಬ ಇನ್ನೊಂದು. ಬಣ್ಣ, ಕೂದಲುಗಳಲ್ಲಿ ಎಷ್ಟೇ ಭೇದವಿದ್ದರೂ ಇವುಗಳ ಕೆಲಸ ಒಂದೇ. ಮಂದೆಯನ್ನು ಅಟ್ಟಿ ಒಟ್ಟುಗೂಡಿಸುವ ಕುರಿನಾಯಿಗಳೇ ಬೇರೆ, ಇವೇ ಬೇರೆ. ಅವು ಕುರಿಗಳನ್ನು ಓಡಿಸುತ್ತವೆ. ಇವು ಕುರಿಗಳ ನಡುವೆ ಮಲಗಿರುತ್ತವೆ. ಎಂಟು ವಾರದ ಮರಿಯಾಗಿರುವಾಗಲೇ ಇವನ್ನು ಕುರಿಮರಿಗಳ ಜೊತೆಯಲ್ಲಿ ಬಿಡುವುದರಿಂದ ಮಂದೆಯೇ ತಮ್ಮ ಬಳಗವೆಂಬ ಭಾವನೆ ಇವುಗಳಲ್ಲಿ ಬೇರೂರುತ್ತದೆ. ಹೊರಗಿನವರು ಯಾರೇ ಬರಲಿ, ಎದ್ದು ನಿಂತು ಬೊಗಳುತ್ತವೆ. ಹೆಚ್ಚಿನ ವೇಳೆ ಆ ಗಂಭೀರವಾದ ಕೂಗೇ ಸಾಕಾಗುತ್ತದೆ. ತೋಳವು ಕಾದಾಡಿ ಗಾಯಗೊಳ್ಳುವುದಕ್ಕಿಂತ ಬೇರೆಡೆ ಆಹಾರವನ್ನು ಅರಸುವುದೇ ಲೇಸೆಂದು ಹಿಂದಿರುಗುತ್ತದೆ.

ತೋಳವನ್ನು ಹೀಗೆ ಬೆದರಿಸಬೇಕಾದರೆ ಗಾತ್ರ ಬೇಕು. ಆದುದರಿಂದಲೇ ಕುರಿಗಾಹಿಗಳು ತಲೆಮಾರುಗಳಿಂದಲೂ ದೊಡ್ಡ ನಾಯಿಗಳನ್ನೇ ಆರಿಸಿ ಬೆಳೆಸಿದರು. ಗ್ರೇಟ್ ಪಿರೆನೀಸ್ ಗಂಡು ನಾಯಿಯೊಂದು 45ರಿಂದ 55 ಕಿಲೋಗ್ರಾಂ ತೂಗುತ್ತದೆ. ಭುಜದ ಬಳಿ 70 ಸೆಂಟಿಮೀಟರಿಗೂ ಹೆಚ್ಚು ಎತ್ತರವಿರುತ್ತದೆ. ಕಂಗಾಲ್ ನಾಯಿ ಅದಕ್ಕಿಂತಲೂ ಭಾರವಾಗಿರಬಹುದು. ಹುಟ್ಟಿದಾಗ ಈ ಮರಿಯ ತೂಕ ಸುಮಾರು ಅರ್ಧ ಕಿಲೋ ಮಾತ್ರ. ಒಂದೂವರೆ ವರ್ಷ ಕಳೆಯುವುದರೊಳಗೆ ಅದು ಒಬ್ಬ ಮನುಷ್ಯನ ತೂಕವನ್ನು ಮುಟ್ಟಬೇಕು. ಮನುಷ್ಯನ ಮಗುವಿಗೆ ಹದಿನೈದು ಹದಿನಾರು ವರ್ಷ ಹಿಡಿಯುವ ಕೆಲಸ ಇಲ್ಲಿ ಕೆಲವೇ ತಿಂಗಳುಗಳಲ್ಲಿ ಮುಗಿಯುತ್ತದೆ. ಕಾವಲು ನಾಯಿಗೆ ಬರುವ ಕಾಯಿಲೆಗಳಲ್ಲಿ ಅನೇಕವು ಈ ಒಂದು ಸಂಗತಿಯಿಂದಲೇ ಹುಟ್ಟಿದವು. ತೋಳವನ್ನು ಹೆದರಿಸುವ ಗಾತ್ರವೇ ನಾಯಿಯ ಮೂಳೆಗಳಿಗೂ ಹೊಟ್ಟೆಗೂ ಹೊರೆಯಾಗುತ್ತದೆ.

ಮೊದಲು ಮೂಳೆಗಳ ಮಾತು. ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ಒಂದು ಗುಂಡು ಭಾಗವಿದೆ. ಅದು ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂಥ ಕುಳಿಯೊಳಗೆ ಕುಳಿತು ತಿರುಗುತ್ತದೆ. ಚೆಂಡೂ ಬಟ್ಟಲೂ ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿದ್ದರೆ ನಡಿಗೆ ಸಲೀಸಾಗಿರುತ್ತದೆ. ಬೀಸುವ ಕಲ್ಲಿನ ನಡುಗೂಟವು ಸಡಿಲವಾದರೆ ಮೇಲಿನ ಕಲ್ಲು ಓಲಾಡುತ್ತ ಅಂಚನ್ನು ಸವೆಸುವುದಷ್ಟೆ. ಕೀಲು ಸಡಿಲವಾದಾಗ ನಾಯಿಯ ಸೊಂಟದಲ್ಲಿಯೂ ಅಂಥದೇ ಸವೆತ ನಡೆಯುತ್ತದೆ. ಮೃದ್ವಸ್ಥಿಯು ಸವೆದು, ಮೂಳೆಗೆ ಮೂಳೆ ತಗುಲಿ, ಕೊನೆಗೆ ಸಂಧಿವಾತವು ನೆಲೆಯೂರುತ್ತದೆ. ಪಶುವೈದ್ಯರು ಇದನ್ನು ಹಿಪ್ ಡಿಸ್ಪ್ಲೇಸಿಯ ಎಂದು ಕರೆಯುತ್ತಾರೆ. 1935ರಲ್ಲಿ ಅಮೆರಿಕದ ಪಶುವೈದ್ಯ ಷ್ನೆಲ್ಲೆ ಎಂಬಾತನು ಇದನ್ನು ನಾಯಿಗಳಲ್ಲಿ ಗುರುತಿಸಿ ವರ್ಣಿಸಿದನು. ಈ ರೋಗ ತಗುಲಿದ ನಾಯಿ ಮಲಗಿದಲ್ಲಿಂದ ಏಳುವಾಗ ಹಿಂಭಾಗವನ್ನು ಎತ್ತಲು ಕಷ್ಟಪಡುತ್ತದೆ. ಓಡುವಾಗ ಎರಡು ಹಿಂಗಾಲುಗಳನ್ನೂ ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸುತ್ತದೆ. ಮೊಣಕೈ ಕೀಲಿಗೂ ಇಂಥದೇ ದೋಷ ಬರುವುದುಂಟು. ಆಗ ಕುಂಟುವುದು ಮುಂಗಾಲು.

ಈ ದೋಷವು ವಂಶಪಾರಂಪರ್ಯವಾಗಿ ಬರುತ್ತದೆ. ಆದರೆ ಒಂದೇ ಒಂದು ವಂಶವಾಹಿಯಿಂದ ಬರುವಂಥದಲ್ಲ; ಅನೇಕ ವಂಶವಾಹಿಗಳು ಕೂಡಿ ಇದನ್ನು ಉಂಟುಮಾಡುತ್ತವೆ. ಆದಕಾರಣ ತಾಯಿತಂದೆಗಳೆರಡೂ ಚೆನ್ನಾಗಿ ನಡೆದಾಡುತ್ತಿದ್ದರೂ ಮರಿಯು ಕುಂಟಾಗಬಹುದು. ಕಣ್ಣಿನ ಅಂದಾಜು ಇಲ್ಲಿ ಸಾಲದು. 1966ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಪ್ರಾಣಿಗಳ ಮೂಳೆರೋಗ ಪ್ರತಿಷ್ಠಾನವು ನಾಯಿಗೆ ಎರಡು ವರ್ಷ ತುಂಬಿದ ಮೇಲೆ ಅದರ ಸೊಂಟದ ಕ್ಷ-ಕಿರಣ ಚಿತ್ರವನ್ನು ಪರೀಕ್ಷಿಸಿ ಕೀಲಿನ ಗುಣಮಟ್ಟವನ್ನು ನಿರ್ಣಯಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ಕೀಲು ಕೆಟ್ಟಿರುವ ನಾಯಿಯಿಂದ ಮರಿ ಪಡೆಯದಿರುವುದೇ ಇದರ ಉದ್ದೇಶ. ಹಿಮಾಲಯದ ಕುರಿಗಾಹಿಗೆ ಕ್ಷ-ಕಿರಣ ಯಂತ್ರವೆಲ್ಲಿಂದ ಬರಬೇಕು? ಅಲ್ಲಿ ಕಡಿದಾದ ದಾರಿಯೇ ಪರೀಕ್ಷಕ. ಕಣಿವೆಯನ್ನು ಏರಲಾರದ ನಾಯಿಯು ಹಿಂದೆ ಉಳಿಯುತ್ತಿತ್ತು, ಅದರ ಸಂತತಿಯೂ ಬೆಳೆಯುತ್ತಿರಲಿಲ್ಲ. ಈ ಪರೀಕ್ಷೆ ನಿರ್ದಯವಾದುದು. ಆದರೆ ಬೆಟ್ಟದ ತಳಿಗಳು ಗಟ್ಟಿಯಾಗಿ ಉಳಿದುದಕ್ಕೆ ಅದೂ ಒಂದು ಕಾರಣವೆಂಬುದನ್ನು ಮರೆಯುವಂತಿಲ್ಲ.

ವಂಶದಿಂದ ಬಂದ ದೌರ್ಬಲ್ಯವನ್ನು ಊಟವು ಹೆಚ್ಚಿಸಬಲ್ಲದು, ತಗ್ಗಿಸಲೂ ಬಲ್ಲದು. ತುರ್ಕಿಯ ಹಳ್ಳಿಗಳಲ್ಲಿ ಕಂಗಾಲ್ ನಾಯಿಗೆ ಬಾರ್ಲಿಯ ಹಿಟ್ಟನ್ನು ನೀರಿನಲ್ಲಿಯೋ ಹಾಲೊಡಕಿನಲ್ಲಿಯೋ ಕಲಸಿದ ‘ಯಾಲ್’ ಎಂಬ ಮುದ್ದೆಯಂಥ ಆಹಾರವನ್ನು ಹಾಕುವುದು ಹಳೆಯ ರೂಢಿ. ಅಂಥ ಬಡ ಊಟದಲ್ಲಿ ಮರಿ ಕೊಬ್ಬುವುದಿಲ್ಲ, ನಿಧಾನವಾಗಿ ಬೆಳೆಯುತ್ತದೆ. ಪಟ್ಟಣದಲ್ಲಿ ಈ ನಾಯಿಗಳನ್ನು ಸಾಕುವವರ ಮನೋಧರ್ಮ ಬೇರೆ. ಮರಿ ಬೇಗ ದೊಡ್ಡದಾಗಲಿ ಎಂಬ ಆಸೆಯಿಂದ ಹೊಟ್ಟೆ ಬಿರಿಯುವಷ್ಟು ಪುಷ್ಟಿಕರವಾದ ಆಹಾರವನ್ನು ಹಾಕುತ್ತಾರೆ. ಮೂಳೆ ಬಲವಾಗಲಿ ಎಂದು ಸುಣ್ಣದ ಸತ್ತ್ವವಾದ ಕ್ಯಾಲ್ಸಿಯಮ್ಮಿನ ಪುಡಿಯನ್ನೂ ಬೆರೆಸುತ್ತಾರೆ. ಇದು ಸದುದ್ದೇಶದಿಂದ ಮಾಡುವ ಅಪಚಾರ. ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಹಾಜೆವಿಂಕೆಲ್ ಮತ್ತು ಅವನ ಸಂಗಡಿಗರು ಗ್ರೇಟ್ ಡೇನ್ ಎಂಬ ದೈತ್ಯ ತಳಿಯ ಮರಿಗಳ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಅತಿಯಾದ ಕ್ಯಾಲ್ಸಿಯಮ್ ತಿಂದ ಮರಿಗಳ ಮೂಳೆಗಳು ಗಟ್ಟಿಯಾಗುವುದರ ಬದಲು ವಿಕಾರವಾಗಿ ಬೆಳೆದುವು. ಎಳೆಯ ಮರಿಯ ಕರುಳಿಗೆ ಬೇಡವಾದ ಕ್ಯಾಲ್ಸಿಯಮ್ಮನ್ನು ತಡೆದು ಹೊರದೂಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬಂದುದೆಲ್ಲವೂ ರಕ್ತಕ್ಕೆ ಸೇರಿ ಮೂಳೆಯ ಸಹಜ ಬೆಳವಣಿಗೆಯನ್ನು ಕೆಡಿಸುತ್ತದೆ.

ಮಿತಾಹಾರದ ಪ್ರಯೋಜನವನ್ನು ತೋರಿಸಿದ ಇನ್ನೊಂದು ಪ್ರಯೋಗವನ್ನು ಇಲ್ಲಿ ಹೇಳಬಹುದು. ಅದು ನಡೆದದ್ದು ಕಾವಲು ನಾಯಿಗಳ ಮೇಲಲ್ಲ, ಲ್ಯಾಬ್ರಡಾರ್ ತಳಿಯ 48 ನಾಯಿಗಳ ಮೇಲೆ. ಒಡಹುಟ್ಟಿದ ಮರಿಗಳನ್ನು ಜೋಡಿ ಜೋಡಿಯಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿಯೂ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಮೆ ಆಹಾರವನ್ನು ಬಾಳಿನುದ್ದಕ್ಕೂ ಕೊಡಲಾಯಿತು. 2002ರಲ್ಲಿ ಫಲಿತಾಂಶ ಹೊರಬಂದಾಗ ಕಡಮೆ ತಿಂದ ನಾಯಿಗಳ ಮಧ್ಯಮ ಆಯುಸ್ಸು 13 ವರ್ಷವೆಂದೂ ಹೆಚ್ಚು ತಿಂದವುಗಳದು 11.2 ವರ್ಷವೆಂದೂ ತಿಳಿದುಬಂತು. ಕಡಮೆ ತಿಂದವುಗಳಿಗೆ ಕೀಲುನೋವು ತಡವಾಗಿ ಬಂತು, ಕಡಮೆಯಾಗಿಯೂ ಇತ್ತು. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣದೆ, ಕೈಯಿಟ್ಟು ಸವರಿದರೆ ತಿಳಿಯುವಷ್ಟು ಮೈ ಇರಬೇಕೆಂಬುದು ಪಶುವೈದ್ಯರು ಹೇಳುವ ಅಳತೆ. ಆದರೆ ಕಾವಲು ನಾಯಿಯ ದಟ್ಟವಾದ ಕೂದಲು ಈ ಅಳತೆಗೆ ಅಡ್ಡಿಯಾಗುತ್ತದೆ. ಬಡಕಲಾದ ನಾಯಿಯೂ ದೂರದಿಂದ ದುಂಡಗೆ ಕಾಣಿಸುತ್ತದೆ, ಕೊಬ್ಬಿದ ನಾಯಿಯೂ ದುಂಡಗೆ ಕಾಣಿಸುತ್ತದೆ. ಕೈಯಿಂದ ಮುಟ್ಟಿ ನೋಡದ ಹೊರತು ನಿಜ ತಿಳಿಯದು.

ಮೂಳೆಯ ರೋಗವು ನಿಧಾನವಾಗಿ ಬರುತ್ತದೆ. ಜಠರದ ರೋಗವೊಂದು ಒಂದೇ ರಾತ್ರಿಯಲ್ಲಿ ಬಂದು ಬೆಳಗಾಗುವುದರೊಳಗೆ ಪ್ರಾಣವನ್ನು ಒಯ್ಯುತ್ತದೆ. ದೊಡ್ಡ ನಾಯಿಗಳನ್ನು ಸಾಕುವವರು ಇದಕ್ಕೆ ಅಂಜುವಷ್ಟು ಬೇರೆ ಯಾವ ರೋಗಕ್ಕೂ ಅಂಜುವುದಿಲ್ಲ. ಇದರ ಮೊದಲ ಹಂತವು ಹೊಟ್ಟೆಯುಬ್ಬರ. ಜಠರದಲ್ಲಿ ವಾಯು ತುಂಬಿ ಅದು ಚೆಂಡಿನಂತೆ ಹಿಗ್ಗುತ್ತದೆ. ಎದೆಗೂಡು ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಜಠರಕ್ಕೆ ಓಲಾಡಲು ಹೆಚ್ಚು ಸ್ಥಳವಿರುತ್ತದೆ. ಹಿಗ್ಗಿದ ಜಠರವು ಕೆಲವೊಮ್ಮೆ ತನ್ನಷ್ಟಕ್ಕೆ ತಾನೇ ತಿರುಚಿಕೊಳ್ಳುತ್ತದೆ. ತುಂಬಿದ ಚೀಲದ ಬಾಯನ್ನು ಹಿಡಿದು ತಿರುವಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಮೇಲೆ ಅನ್ನನಾಳದ ದಾರಿ ಮುಚ್ಚುತ್ತದೆ, ಕೆಳಗೆ ಕರುಳಿನ ದಾರಿ ಮುಚ್ಚುತ್ತದೆ. ವಾಯು ಹೊರಬರಲಾರದೆ ಒಳಗೇ ಹೆಚ್ಚುತ್ತದೆ. ಜಠರದ ಜೊತೆಗೆ ಗುಲ್ಮವೂ ತಿರುಚಿಕೊಳ್ಳುವುದುಂಟು. ಉಬ್ಬಿದ ಜಠರವು ಹೃದಯಕ್ಕೆ ರಕ್ತವನ್ನು ಹಿಂದಿರುಗಿಸುವ ದೊಡ್ಡ ಅಭಿಧಮನಿಯನ್ನು ಒತ್ತುವುದರಿಂದ ರಕ್ತಸಂಚಾರವೇ ಕುಸಿಯುತ್ತದೆ. ರಕ್ತ ದೊರೆಯದೆ ಜಠರದ ಗೋಡೆಯು ಸಾಯತೊಡಗುತ್ತದೆ. ಇಷ್ಟೆಲ್ಲ ನಡೆಯಲು ಕೆಲವೇ ಗಂಟೆಗಳು ಸಾಕು.

ಲಕ್ಷಣಗಳನ್ನು ಬಲ್ಲವನಿಗೆ ರೋಗವನ್ನು ಗುರುತಿಸುವುದು ಕಷ್ಟವಲ್ಲ. ನಾಯಿಯು ಮತ್ತೆ ಮತ್ತೆ ವಾಂತಿ ಮಾಡಲು ಹವಣಿಸುತ್ತದೆ, ಆದರೆ ಬಾಯಿಂದ ನೊರೆಯ ಹೊರತು ಏನೂ ಬೀಳುವುದಿಲ್ಲ. ಜೊಲ್ಲು ಸುರಿಯುತ್ತದೆ. ನಿಂತಲ್ಲಿ ನಿಲ್ಲದೆ, ಮಲಗಿದಲ್ಲಿ ಮಲಗದೆ ಚಡಪಡಿಸುತ್ತದೆ. ಪಕ್ಕೆಯ ಹಿಂದೆ ಹೊಟ್ಟೆ ಉಬ್ಬಿ, ಬೆರಳಿನಿಂದ ತಟ್ಟಿದರೆ ತಮಟೆಯಂತೆ ಸದ್ದು ಮಾಡುತ್ತದೆ. ದನಕ್ಕೆ ಹೊಟ್ಟೆಯುಬ್ಬರ ಬಂದಾಗ ಎಣ್ಣೆ ಕುಡಿಸುವ ರೂಢಿ ಹಳ್ಳಿಗಳಲ್ಲಿದೆ. ಅದನ್ನು ಕಂಡವರು ನಾಯಿಗೂ ಹಾಗೆಯೇ ಮಾಡಹೊರಟರೆ ಪ್ರಮಾದವಾಗುತ್ತದೆ. ತಿರುಚಿದ ಜಠರದೊಳಕ್ಕೆ ಎಣ್ಣೆಯು ಇಳಿಯುವುದೇ ಇಲ್ಲ. ಅದು ಶ್ವಾಸನಾಳವನ್ನು ಹೊಕ್ಕು ಹೊಸದೊಂದು ಆಪತ್ತನ್ನು ತಂದೀತು. ಪಶುವೈದ್ಯರು ಮೊದಲು ವಾಯುವನ್ನು ಹೊರಹೋಗಿಸಿ, ರಕ್ತನಾಳಕ್ಕೆ ದ್ರವವನ್ನು ಹರಿಸಿ, ಅನಂತರ ಹೊಟ್ಟೆಯನ್ನು ಕೊಯ್ದು ಜಠರವನ್ನು ನೇರಮಾಡುತ್ತಾರೆ. ಅದು ಮತ್ತೆ ತಿರುಗದಂತೆ ಹೊಟ್ಟೆಯ ಗೋಡೆಗೆ ಸೇರಿಸಿ ಹೊಲಿಯುತ್ತಾರೆ. ಇಂಥ ಹೊಲಿಗೆಯನ್ನು ಕೆಲವು ದೇಶಗಳಲ್ಲಿ ರೋಗ ಬರುವ ಮೊದಲೇ, ಆರೋಗ್ಯವಾಗಿರುವ ದೊಡ್ಡ ನಾಯಿಗಳಿಗೆ ಹಾಕಿಸುವುದೂ ಉಂಟು.

ರೋಗಕ್ಕೆ ಕಾರಣವೇನೆಂಬುದು ಬಹುಕಾಲ ಊಹೆಯ ವಿಷಯವಾಗಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಗ್ಲಿಕ್‌ಮನ್ ಮತ್ತು ಅವನ ಸಂಗಡಿಗರು ದೊಡ್ಡ ತಳಿಗಳ ನೂರಾರು ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ವಯಸ್ಸು ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ. ತಾಯಿಗೋ ತಂದೆಗೋ ಒಡಹುಟ್ಟಿಗೋ ಈ ರೋಗ ಬಂದಿದ್ದರೆ ಹೆಚ್ಚುತ್ತದೆ. ಗಬಗಬನೆ ತಿನ್ನುವ ನಾಯಿಗೂ ಹೆಚ್ಚು. ಊಟದ ತಟ್ಟೆಯನ್ನು ಎತ್ತರದಲ್ಲಿ ಇಟ್ಟರೆ ಒಳ್ಳೆಯದೆಂಬ ನಂಬಿಕೆ ಅಲ್ಲಿಯವರೆಗೆ ಪ್ರಚಾರದಲ್ಲಿತ್ತು. ಹಾಗೆ ತಿಂದ ನಾಯಿಗಳಲ್ಲಿಯೇ ರೋಗ ಹೆಚ್ಚೆಂದು ಈ ಸಂಶೋಧನೆ ತೋರಿಸಿದ್ದು ಅನೇಕರಿಗೆ ಅಚ್ಚರಿಯನ್ನು ಉಂಟುಮಾಡಿತು. ಮಂದೆಯ ನಾಯಿಯ ಬಾಳನ್ನು ಇದರ ಜೊತೆಗಿಟ್ಟು ನೋಡಬೇಕು. ಸಂಜೆ ಒಂದೇ ಹೊತ್ತು ಊಟ. ಪಕ್ಕದಲ್ಲಿ ಪಾಲು ಕಸಿಯಲು ಇನ್ನೊಂದು ನಾಯಿ. ಆದಕಾರಣ ಅವಸರ ಅವಸರವಾಗಿ ನುಂಗುವುದು. ಕತ್ತಲಾದೊಡನೆ ಎದ್ದು ಓಡಿ ಬೊಗಳುವುದು. ಕುರಿಗಾಹಿಯು ಅದೇ ಊಟವನ್ನು ಎರಡು ಪಾಲು ಮಾಡಿ ಬೆಳಗ್ಗೆ ಅರ್ಧ, ಸಂಜೆ ಅರ್ಧ ಹಾಕಿದರೆ, ನಾಯಿಗಳನ್ನು ದೂರ ದೂರ ಕಟ್ಟಿ ಉಣಿಸಿದರೆ ಅವನಿಗೆ ಒಂದು ಕಾಸೂ ಹೆಚ್ಚು ಖರ್ಚಾಗದು.

ವಯಸ್ಸಾದ ದೊಡ್ಡ ನಾಯಿಗೆ ಬರುವ ಇನ್ನೊಂದು ಕ್ರೂರ ರೋಗವೆಂದರೆ ಮೂಳೆಯ ಕ್ಯಾನ್ಸರ್. ಇದು ಸಣ್ಣ ನಾಯಿಗಳಲ್ಲಿ ಅಪರೂಪ. ಮುಂಗಾಲಿನ ಮಣಿಕಟ್ಟಿನ ಮೇಲ್ಭಾಗದಲ್ಲಿಯೋ ಭುಜದ ಹತ್ತಿರದಲ್ಲಿಯೋ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮೊದಮೊದಲು ಬರಿಯ ಕುಂಟು. ಕಲ್ಲಿನ ಮೇಲೆ ಕಾಲು ಉಳುಕಿರಬೇಕೆಂದು ಯಜಮಾನನು ಸುಮ್ಮನಾಗುತ್ತಾನೆ. ಊತ ಕಂಡುಬರುವ ಹೊತ್ತಿಗೆ ರೋಗವು ಸಾಮಾನ್ಯವಾಗಿ ಶ್ವಾಸಕೋಶವನ್ನು ಸೇರಿರುತ್ತದೆ. ವಾರ ಕಳೆದರೂ ಹೋಗದ ಕುಂಟನ್ನು ಉಳುಕೆಂದು ಬಗೆಯಬಾರದೆಂಬುದು ಪಶುವೈದ್ಯರ ಎಚ್ಚರಿಕೆ.

ದೊಡ್ಡ ನಾಯಿಯ ಆಯುಸ್ಸೇ ಕಡಮೆ. ಹತ್ತರಿಂದ ಹನ್ನೆರಡು ವರ್ಷ ಬದುಕಿದರೆ ಅದು ದೀರ್ಘಾಯುವೆನಿಸುತ್ತದೆ. ಪ್ರಾಣಿಪ್ರಪಂಚದಲ್ಲಿ ಇಲಿಗಿಂತ ಆನೆ ಹೆಚ್ಚು ಕಾಲ ಬದುಕುತ್ತದೆ. ನಾಯಿಗಳಲ್ಲಿ ಮಾತ್ರ ಈ ನಿಯಮವು ತಲೆಕೆಳಗಾಗಿದೆ. ಜರ್ಮನಿಯ ಗಟಿಂಗನ್ ವಿಶ್ವವಿದ್ಯಾನಿಲಯದ ಕಾರ್ನೆಲಿಯ ಕ್ರೌಸ್ ಮತ್ತು ಅವರ ಸಂಗಡಿಗರು 74 ತಳಿಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮೈತೂಕವು ಎರಡು ಕಿಲೋ ಹೆಚ್ಚಿದಂತೆಲ್ಲ ಆಯುಸ್ಸು ಸುಮಾರು ಒಂದು ತಿಂಗಳು ಕಡಮೆಯಾಗುತ್ತದೆಂದು ಲೆಕ್ಕ ಹಾಕಿದ್ದಾರೆ. ದೊಡ್ಡ ನಾಯಿಗೆ ಮುಪ್ಪು ಬೇಗ ಬರುತ್ತದೆ ಎಂಬುದಕ್ಕಿಂತಲೂ ಬಂದ ಮುಪ್ಪು ಬೇಗ ಬೇಗ ಮುಂದುವರಿಯುತ್ತದೆ ಎಂಬುದು ಅವರ ಅಭಿಪ್ರಾಯ.

ಮೈಯ ಹೊರಗಿನ ತೊಂದರೆಗಳೂ ಅಲಕ್ಷಿಸುವಂಥವಲ್ಲ. ಈ ನಾಯಿಗಳಿಗೆ ಎರಡು ಪದರದ ಕೂದಲಿದೆ. ಒಳಗಿನದು ಅರಳೆಯಂತೆ ಮೃದು, ಹೊರಗಿನದು ಒರಟು. ಇದು ಚಳಿಯನ್ನು ತಡೆಯುವಂತೆಯೇ ಬಿಸಿಲನ್ನೂ ತಕ್ಕಮಟ್ಟಿಗೆ ತಡೆಯುತ್ತದೆ; ಬೇಸಗೆಯಲ್ಲಿ ಕನಿಕರದಿಂದ ಕೂದಲನ್ನು ಬೋಳಿಸಿದರೆ ಚರ್ಮವು ಬಿಸಿಲಿಗೆ ಸುಡುತ್ತದೆ. ಆದರೆ ಅದೇ ಕೂದಲು ಜಡೆಗಟ್ಟಿದರೆ ಅದರ ಕೆಳಗೆ ತೇವ ನಿಂತು ಚರ್ಮ ಕೊಳೆಯುತ್ತದೆ. ಉಣುಗು ಚಿಗಟಗಳಿಗೆ ಅದು ಒಳ್ಳೆಯ ಮನೆ. ಮುಳ್ಳುತೆನೆಯ ಹುಲ್ಲಿನ ಬೀಜಗಳು ಕಿವಿಯನ್ನೂ ಬೆರಳ ಸಂದಿಯನ್ನೂ ಹೊಕ್ಕು ಒಳಕ್ಕೆ ಸರಿಯುತ್ತ ಕೀವು ಕಟ್ಟುತ್ತವೆ. ಗ್ರೇಟ್ ಪಿರೆನೀಸ್ ನಾಯಿಯ ಹಿಂಗಾಲುಗಳಲ್ಲಿ ನೆಲಕ್ಕೆ ತಾಗದ ಜೋಡಿ ಬೆರಳುಗಳಿರುವುದು ಆ ತಳಿಯ ವಿಶೇಷ ಗುರುತು. ನೆಲಕ್ಕೆ ತಾಗದ ಕಾರಣ ಅವುಗಳ ಉಗುರು ಸವೆಯುವುದಿಲ್ಲ. ಕತ್ತರಿಸದೆ ಬಿಟ್ಟರೆ ಅದು ಬಿಲ್ಲಿನಂತೆ ಬಾಗಿ ಮಾಂಸದೊಳಕ್ಕೇ ಚುಚ್ಚಿಕೊಳ್ಳುತ್ತದೆ. ಕೆಲವು ನಾಯಿಗಳಲ್ಲಿ ಕಣ್ಣಿನ ರೆಪ್ಪೆಯು ಒಳಕ್ಕೆ ಮಡಿಚಿ, ರೆಪ್ಪೆಗೂದಲು ಕಣ್ಣನ್ನು ಉಜ್ಜುತ್ತ ಹುಣ್ಣು ಮಾಡುತ್ತದೆ. ಸಣ್ಣದೊಂದು ಶಸ್ತ್ರಚಿಕಿತ್ಸೆಯಿಂದ ಇದು ಸರಿಹೋಗುತ್ತದೆ.

ಇದಕ್ಕೆಲ್ಲ ಬೇಕಾದದ್ದು ನಾಯಿಯನ್ನು ಆಗಾಗ ಹಿಡಿದು, ಸವರಿ, ನೋಡುವುದು. ಕಾವಲು ನಾಯಿಯ ವಿಷಯದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಮನುಷ್ಯರ ಸಲಿಗೆ ಹೆಚ್ಚಾದರೆ ಅದು ಮಂದೆಯನ್ನು ಬಿಟ್ಟು ಮನೆಯ ಬಾಗಿಲಿಗೆ ಬಂದು ಕೂರುತ್ತದೆ ಎಂಬ ಭಯದಿಂದ ಅನೇಕ ಕುರಿಗಾಹಿಗಳು ಮರಿಯನ್ನು ಮುಟ್ಟದೆಯೇ ಬೆಳೆಸುತ್ತಾರೆ. ಆ ಭಯವು ನಿರಾಧಾರವಾದುದಲ್ಲ. ಆದರೆ ಹೀಗೆ ಬೆಳೆದ ನಾಯಿಯು ಗಾಯಗೊಂಡಾಗ ಐವತ್ತು ಕಿಲೋ ತೂಗುವ ಕಾಡುಪ್ರಾಣಿಯೇ ಆಗಿರುತ್ತದೆ. ಅದರ ಬಾಯಿ ಬಿಡಿಸಿ ಮಾತ್ರೆ ನುಂಗಿಸುವವರು ಯಾರು? ಮೇಲಾಗಿ ಈ ನಾಯಿಗಳು ನೋವನ್ನು ತೋರಿಸಿಕೊಳ್ಳುವುದಿಲ್ಲ. ತೋಳದೊಡನೆ ಹೋರಾಡಿದ ಮಾರನೆಯ ದಿನವೂ ಮಂದೆಯ ಹಿಂದೆ ನಡೆಯುತ್ತವೆ. ಕೂದಲಿನಡಿಯ ಹಲ್ಲಿನ ಗಾಯವು ಕೀವಾಗಿ ನಾರುವ ತನಕ ಯಾರಿಗೂ ತಿಳಿಯುವುದಿಲ್ಲ. ಅನುಭವಸ್ಥರು ಹಿಡಿದ ದಾರಿ ಮಧ್ಯಮಮಾರ್ಗ. ಮರಿಯನ್ನು ಮಂದೆಯ ನಡುವೆಯೇ ಬಿಡುತ್ತಾರೆ. ಆದರೆ ಅಲ್ಲಿಗೇ ಹೋಗಿ ದಿನವೂ ಕೆಲವು ನಿಮಿಷ ಅದರ ಪಾದ, ಕಿವಿ, ಬಾಯಿಗಳನ್ನು ಮುಟ್ಟಿ ಅಭ್ಯಾಸ ಮಾಡಿಸುತ್ತಾರೆ. ಸರಪಳಿ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಅಷ್ಟರಿಂದಲೇ ನಾಯಿಯು ಮಂದೆಯನ್ನು ಬಿಡುವುದೂ ಇಲ್ಲ, ವೈದ್ಯನ ಕೈಯನ್ನು ಕಚ್ಚುವುದೂ ಇಲ್ಲ.

ನಾಯಿಯನ್ನು ಕಾಡದೆ ಯಜಮಾನನನ್ನು ಕಾಡುವ ರೋಗವೂ ಒಂದಿದೆ. ನಾಯಿಯ ಕರುಳಿನಲ್ಲಿ ಎಕಿನೋಕಾಕಸ್ ಎಂಬ ಲಾಡಿಹುಳು ವಾಸಿಸುತ್ತದೆ. ಉದ್ದದಲ್ಲಿ ಅದು ಒಂದು ಅಕ್ಕಿಯ ಕಾಳನ್ನೂ ಮೀರುವುದಿಲ್ಲ. ಸಾವಿರಾರು ಹುಳುಗಳಿದ್ದರೂ ನಾಯಿಯು ಎಂದಿನಂತೆ ಆರೋಗ್ಯವಾಗಿಯೇ ಕಾಣುತ್ತದೆ. ಹುಳುವಿನ ತತ್ತಿಗಳು ಮಲದೊಡನೆ ಹುಲ್ಲಿನ ಮೇಲೆ ಬೀಳುತ್ತವೆ. ಕುರಿಯು ಆ ಹುಲ್ಲನ್ನು ಮೇಯುತ್ತದೆ. ಆಗ ಕುರಿಯ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳು ಬೆಳೆಯುತ್ತವೆ. ಕುರಿಯನ್ನು ಕೊಯ್ದವನು ಆ ಗುಳ್ಳೆಗಳಿರುವ ಭಾಗವನ್ನು ತಿನ್ನಲು ಬಾರದೆಂದು ನಾಯಿಗೆ ಎಸೆಯುತ್ತಾನೆ. ನಾಯಿಯ ಕರುಳಿನಲ್ಲಿ ಮತ್ತೆ ಹುಳುಗಳಾಗುತ್ತವೆ. ಈ ಚಕ್ರದೊಳಕ್ಕೆ ಮನುಷ್ಯನೂ ಸಿಕ್ಕಿಬೀಳುತ್ತಾನೆ. ನಾಯಿಯ ಮೈ ಸವರಿದ ಕೈಯನ್ನು ತೊಳೆಯದೆ ಉಂಡರೆ ತತ್ತಿಗಳು ಅವನ ಹೊಟ್ಟೆಯನ್ನು ಸೇರುತ್ತವೆ. ಗುಳ್ಳೆಗಳು ಅವನ ಯಕೃತ್ತಿನಲ್ಲಿಯೇ ವರ್ಷಗಟ್ಟಲೆ ಸದ್ದಿಲ್ಲದೆ ದೊಡ್ಡದಾಗುತ್ತವೆ. ಕುರಿ ಮತ್ತು ನಾಯಿ ಕೂಡಿ ಬಾಳುವ ಎಷ್ಟೋ ಪ್ರದೇಶಗಳಲ್ಲಿ ಈ ರೋಗವಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಐಸ್‌ಲೆಂಡ್ ದ್ವೀಪವು ಈ ರೋಗದಿಂದ ತತ್ತರಿಸಿತ್ತು. ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿಯು 1863ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ ರೋಗದ ಮೂಲವನ್ನು ಎತ್ತಿ ತೋರಿಸಿದನು. ಅವನು ಬರೆದ ಚಿಕ್ಕ ಪುಸ್ತಿಕೆಯನ್ನು ಮನೆಮನೆಗೂ ಹಂಚಲಾಯಿತು. ಔಷಧವೇ ಇಲ್ಲದ ಆ ಕಾಲದಲ್ಲಿ ಅವನು ಹೇಳಿದ್ದು ಇಷ್ಟೇ: ಗುಳ್ಳೆಗಳುಳ್ಳ ಅಂಗಗಳನ್ನು ನಾಯಿಗೆ ಹಾಕಬೇಡಿರಿ, ಸುಡಿರಿ ಇಲ್ಲವೆ ಹೂಳಿರಿ, ಕೈ ತೊಳೆಯಿರಿ. ಓದುಬರಹ ಬಲ್ಲ ಆ ಜನರು ಓದಿ ಅರಿತು ಹಾಗೆಯೇ ನಡೆದರು. ತರುವಾಯ ಕಾನೂನುಗಳೂ ಬಂದುವು. ರೋಗವು ಆ ದ್ವೀಪದಿಂದ ಅಳಿಸಿಹೋಯಿತು. ನ್ಯೂಜಿಲೆಂಡಿನಲ್ಲಿ ಹಸಿ ಒಳಾಂಗಗಳನ್ನು ನಾಯಿಗೆ ಹಾಕುವುದರ ನಿಷೇಧದ ಜೊತೆಗೆ ನಾಯಿಗಳಿಗೆ ಆರು ವಾರಕ್ಕೊಮ್ಮೆ ಔಷಧ ಕೊಡುವ ಕ್ರಮವನ್ನು ಅನುಸರಿಸಲಾಯಿತು. ಹುಳುವು ಬಲಿತು ತತ್ತಿಯಿಡಲು ಆರೇಳು ವಾರ ಬೇಕಾಗುವುದರಿಂದ ಆ ಅವಧಿಯನ್ನು ಆರಿಸಿಕೊಂಡರು. ಅಲ್ಲಿಯ ಸರಕಾರವು 2002ರಲ್ಲಿ ದೇಶವು ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿತು.

ಸೋಂಕುರೋಗಗಳಲ್ಲಿ ಎರಡನ್ನು ಹೆಸರಿಸಲೇಬೇಕು. ಒಂದು ಹುಚ್ಚುನಾಯಿ ರೋಗವಾದ ರೇಬೀಸ್. ತೋಳ ನರಿಗಳೊಡನೆ ಕಚ್ಚಾಡುವ ಕಾವಲು ನಾಯಿಗೆ ಇದರ ಅಪಾಯ ಸಾಕುನಾಯಿಗಿಂತ ಹೆಚ್ಚು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಇದಕ್ಕೆ ಚಿಕಿತ್ಸೆಯಿಲ್ಲ. ಮೊದಲೇ ಹಾಕಿಸುವ ಚುಚ್ಚುಮದ್ದೊಂದೇ ರಕ್ಷೆ. ಇನ್ನೊಂದು ಡಿಸ್ಟೆಂಪರ್. ಇದು ಮರಿಗಳನ್ನು ಕೊಲ್ಲುವ ವೈರಸ್ ರೋಗ. ನಾಯಿಯಿಂದ ಕಾಡುಪ್ರಾಣಿಗಳಿಗೂ ಇದು ದಾಟಬಲ್ಲದೆಂಬುದು 1994ರಲ್ಲಿ ಆಫ್ರಿಕದ ಸೆರೆಂಗೆಟಿ ಪ್ರದೇಶದಲ್ಲಿ ಕಂಡುಬಂತು. ಆ ವರ್ಷ ಅಲ್ಲಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ, ಎಂದರೆ ಸುಮಾರು ಒಂದು ಸಾವಿರ, ಈ ರೋಗದಿಂದ ಸತ್ತುವು. ವೈರಸ್ಸು ಸುತ್ತಣ ಹಳ್ಳಿಗಳ ನಾಯಿಗಳಿಂದ ಬಂದುದಾಗಿತ್ತು. ಕಾಡಿನಂಚಿನಲ್ಲಿ ಓಡಾಡುವ ಮಂದೆಯ ನಾಯಿಗೆ ಲಸಿಕೆ ಹಾಕಿಸುವುದು ಆ ಕಾಡಿನ ಪ್ರಾಣಿಗಳ ರಕ್ಷಣೆಯೂ ಹೌದು.

ಗಾತ್ರವನ್ನು ಕೆಲಸಕ್ಕಾಗಿ ಬೆಳೆಸಿದಾಗ ಅದಕ್ಕೊಂದು ಮಿತಿಯಿತ್ತು. ಗಾತ್ರವೇ ಪ್ರದರ್ಶನದ ವಸ್ತುವಾದಾಗ ಮಿತಿ ಉಳಿಯಲಿಲ್ಲ. ಚೀನಾ ದೇಶದಲ್ಲಿ ಶ್ರೀಮಂತರು ಟಿಬೆಟಿನ ಮ್ಯಾಸ್ಟಿಫ್ ನಾಯಿಯನ್ನು ಅಂತಸ್ತಿನ ಗುರುತಾಗಿ ಕೊಳ್ಳತೊಡಗಿದರು. 2014ರಲ್ಲಿ ಒಂದು ಮ್ಯಾಸ್ಟಿಫ್ ಒಂದು ಕೋಟಿ ಇಪ್ಪತ್ತು ಲಕ್ಷ ಯುವಾನ್ ಬೆಲೆಗೆ ಮಾರಾಟವಾಯಿತೆಂದು ಪತ್ರಿಕೆಗಳು ಬರೆದುವು. ಅಷ್ಟರಲ್ಲಿಯೇ ಆ ಹುಚ್ಚು ಇಳಿಯತೊಡಗಿತ್ತು. ಬೆಲೆ ನೆಲಕಚ್ಚಿತು. ಸಾಕಲಾರದೆ ಬಿಟ್ಟ ನಾಯಿಗಳು ಪ್ರಸ್ಥಭೂಮಿಯಲ್ಲಿ ಬೀದಿನಾಯಿಗಳಾಗಿ ಅಲೆದುವು. ಒಂದು ಕಾಲದಲ್ಲಿ ಮಂದೆಯನ್ನು ಕಾಯುತ್ತಿದ್ದ ತಳಿಯೇ ಮಂದೆಗೆ ಕಂಟಕವಾಗುವ ಸ್ಥಿತಿ ಒದಗಿತು.

ಕರ್ನಾಟಕದಲ್ಲಿ ಹೆಸರಾದ ಮುಧೋಳದ ನಾಯಿಯು ಈ ಬಗೆಯದಲ್ಲ. ಅದು ಬೇಟೆಯ ನಾಯಿ. ನೋಟದಿಂದ ಗುರುತಿಸಿ ಓಟದಿಂದ ಹಿಡಿಯುವಂಥದು. ಅದರ ಮೈ ತೆಳು, ಕೂದಲು ಗಿಡ್ಡ. ಗದ್ದಿ ನಾಯಿಯ ಪಕ್ಕದಲ್ಲಿ ನಿಲ್ಲಿಸಿದರೆ ಕೆಲಸಕ್ಕೆ ತಕ್ಕ ಮೈ ಎಂಬ ಮಾತಿನ ಅರ್ಥ ತಾನಾಗಿ ತಿಳಿಯುತ್ತದೆ. ಮುಧೋಳದ ನಾಯಿಯು ದೇಶೀಯ ತಳಿಯೆಂದು ಮೊದಲೇ ನೋಂದಣಿಯಾಗಿತ್ತು. ಗದ್ದಿ ನಾಯಿಗೆ ಆ ಮನ್ನಣೆ ದೊರೆತದ್ದು 2025ರಲ್ಲಿ. ನೋಂದಣಿಯಾದ ತಳಿಯ ಲಕ್ಷಣಗಳನ್ನು ದಾಖಲಿಸಿ, ಒಳ್ಳೆಯ ನಾಯಿಗಳನ್ನು ಆರಿಸಿ ಮರಿ ಪಡೆಯಲು ಇನ್ನು ಅವಕಾಶವಿದೆ. ಅಡ್ಡಾದಿಡ್ಡಿಯಾಗಿ ಬೇರೆ ತಳಿಗಳೊಡನೆ ಬೆರೆತುಹೋಗುತ್ತಿದ್ದ ಬೆಟ್ಟದ ನಾಯಿಗೆ ಇದು ಅಗತ್ಯವಾಗಿತ್ತು.

ನಾಯಿಯ ಆರೈಕೆಯನ್ನು ಒಂದು ಕ್ರಮಕ್ಕೆ ತಂದಿರುವ ಉದಾಹರಣೆ ಆಫ್ರಿಕದ ನಮೀಬಿಯ ದೇಶದಲ್ಲಿದೆ. ಅಲ್ಲಿಯ ರೈತರು ತಮ್ಮ ಆಡು ಕುರಿಗಳನ್ನು ಹಿಡಿಯುವ ಚೀತಾಗಳನ್ನು ಕೊಲ್ಲುತ್ತಿದ್ದರು. ಲಾರಿ ಮಾರ್ಕರ್ ಎಂಬ ಮಹಿಳೆ ಸ್ಥಾಪಿಸಿದ ಚೀತಾ ಸಂರಕ್ಷಣ ನಿಧಿಯು 1994ರಲ್ಲಿ ತುರ್ಕಿ ಮೂಲದ ಕಾವಲು ನಾಯಿಗಳನ್ನು ತರಿಸಿ ರೈತರಿಗೆ ಕೊಡಲು ಮೊದಲುಮಾಡಿತು. ನಾಯಿ ಬಂದ ಹೊಲಗಳಲ್ಲಿ ಕುರಿಗಳ ನಷ್ಟ ಬಹುಮಟ್ಟಿಗೆ ತಗ್ಗಿತು. ಚೀತಾವನ್ನು ಕೊಲ್ಲುವ ಅಗತ್ಯವೂ ತಗ್ಗಿತು. ಆದರೆ ಹಿಮ ಬೀಳುವ ನಾಡಿನ ನಾಯಿಗಳಿಗೆ ಅಲ್ಲಿಯ ಬಿಸಿಲು, ಮುಳ್ಳುಪೊದೆ, ಹಾವು, ಉಣುಗುಗಳೆಲ್ಲ ಹೊಸವು. ಕೆಲವು ನಾಯಿಗಳು ಎಳೆಯ ವಯಸ್ಸಿನಲ್ಲಿಯೇ ಅಪಘಾತಗಳಿಂದ ಸತ್ತುವು. ಆದಕಾರಣ ನಿಧಿಯವರು ನಾಯಿಯನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮೊದಲ ವರ್ಷದಲ್ಲಿ ಹಲವು ಸಲ, ಆಮೇಲೆ ಆಗಾಗ, ತಾವೇ ಹೊಲಗಳಿಗೆ ಹೋಗುತ್ತಾರೆ. ಲಸಿಕೆ ಹಾಕಿ, ಹುಳುವಿನ ಔಷಧ ಕೊಟ್ಟು, ತೂಕ ನೋಡಿ, ಊಟವೇನೆಂದು ವಿಚಾರಿಸುತ್ತಾರೆ. ಸರಿಯಾಗಿ ನೋಡಿಕೊಳ್ಳದ ರೈತನಿಂದ ನಾಯಿಯನ್ನು ಹಿಂದಕ್ಕೆ ಪಡೆಯುವುದೂ ಉಂಟು. ಸಂಜೆ ಮಂದೆಯು ಮುಳ್ಳಿನ ದೊಡ್ಡಿಗೆ ಹಿಂದಿರುಗುವ ಹೊತ್ತಿನಲ್ಲಿ ನಾಯಿಯನ್ನು ಹಿಡಿದು, ಪಾದದಿಂದ ಮೊದಲುಮಾಡಿ ಕಿವಿಯ ವರೆಗೆ ಕೈಯಾಡಿಸಿ ನೋಡುವುದನ್ನು ರೈತನ ಮಕ್ಕಳೇ ಕಲಿಯುತ್ತಾರೆ. ನೋಡಿ ಮುಗಿದೊಡನೆ ನಾಯಿಯು ಮೈ ಕೊಡವಿಕೊಂಡು ಆಡುಗಳ ನಡುವೆ ಹೋಗಿ ಮಲಗುತ್ತದೆ.